ಮಾಮಿಯ ಹೆಸರಿಗೊಂದು ‘ದಿ.’

ದಿನವಿಡೀ ಊರಿಗೆ ಹೇಳುವ ಬುದ್ಧಿಮಾತು ಸಂಜೆ ನಮ್ಮ ಜೊತೆ ಬಸ್ಸು ಹತ್ತಿ ಮನೆಗೆ ಬರುವುದಿಲ್ಲ ಎಂಬುದು ನನ್ನ ಅನುಭವ. ನಾನು ಫಳ್ನೀರಿನ ಒಂದು ಕ್ಲಿನಿಕ್ಕಿನಲ್ಲಿ ಬಾಗಿಲ ಬಳಿಯ ಮೇಜಿನ ಹಿಂದೆ ಕುಳಿತುಕೊಳ್ಳುವವಳು. ಬಂದವರ ಕೈಗೆ ಫಾರ್ಮು, ಪೆನ್ನು ಕೊಟ್ಟು “ಸರಿಯಾಗಿ ಓದಿ ತುಂಬಿಸಿ” ಎನ್ನುವುದೇ ನನ್ನ ಕೆಲಸದ ಮುಕ್ಕಾಲು ಭಾಗ. ಆದರೂ ಜನ ವಯಸ್ಸಿನ ಜಾಗದಲ್ಲಿ ಊರು ಬರೆಯುತ್ತಾರೆ, ಊರಿನ ಜಾಗದಲ್ಲಿ ಕಾಯಿಲೆ ಬರೆಯುತ್ತಾರೆ. ಗಂಡು, ಹೆಣ್ಣು ಎಂದಿರುವಲ್ಲಿ ‘ಇಬ್ಬರೂ ಇದ್ದಾರೆ, ಒಂದೊಂದು’ ಎಂದು ಬರೆದ ತಾಯಿಯೊಬ್ಬಳಿದ್ದಳು. ಇದನ್ನೆಲ್ಲ ಮನೆಯಲ್ಲಿ ಊಟದ ಹೊತ್ತಿಗೆ ಹೇಳಿ ನಗುವುದು ನನ್ನ ಅಭ್ಯಾಸ. ಹಾಗೆ ನಕ್ಕವಳೇ, ಬದುಕಿರುವ ಅತ್ತೆಯನ್ನು ಒಂದು ಫಾರ್ಮಿನ ಮೂಲಕ ಸ್ವರ್ಗಕ್ಕೆ ಕಳುಹಿಸಿಬಿಟ್ಟೆ.

ಜೆಪ್ಪುವಿನ ಮನೆಯಲ್ಲಿ ಇರುವುದು ನಾವಿಬ್ಬರೇ, ನಾನು ಮತ್ತು ಅತ್ತೆ. ಗಂಡ ಹಡಗಿನ ಕೆಲಸದವರು, ವರ್ಷದ ಹೆಚ್ಚು ದಿನ ನೀರಿನ ಮೇಲೆಯೇ. ಅತ್ತೆಯನ್ನು ನಾನು ಮಾಮಿ ಎಂದು ಕರೆಯುವುದು. ಹೆಸರು ಸುಂದರಿ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಮೀನಿನ ಬುಟ್ಟಿ ತಲೆಗೇರಿಸಿದವರು. ಕಲಿತ ಅಕ್ಷರ ಮರೆಯದೆ ಉಳಿದದ್ದು ಮೀನು ಕಟ್ಟಿಕೊಡುವ ಹಳೆಯ ಪೇಪರಿನಿಂದ. ಗಿರಾಕಿ ಚೌಕಾಸಿ ಮಾಡುತ್ತಿರುವಾಗ ಇವರು ತಲೆಬರಹ ಓದಿಕೊಳ್ಳುತ್ತಿದ್ದರಂತೆ. ಹಾಗಾಗಿ ಆ ಕಾಲದಲ್ಲಿ ಅವರಿಗೆ ಗೊತ್ತಿದ್ದ ಸುದ್ದಿಯೆಲ್ಲ ಒಂದು ತಿಂಗಳು ಹಳತು, ಸ್ವಲ್ಪ ಬಂಗುಡೆಯ ವಾಸನೆಯದ್ದು. ಈಗ ಹೊಸ ಪೇಪರನ್ನೇ ಬೆಳಿಗ್ಗೆ ಬೆರಳಿಟ್ಟು ಓದುತ್ತಾರೆ, ಅದೂ ತೀರಿಹೋದವರ ಫೋಟೋ ಇರುವ ಪುಟದಿಂದ ಮೊದಲುಮಾಡಿ.

ಅವರಿಗೆ ಎಂಬತ್ತು ತುಂಬಿದಾಗ ನೆಂಟರನ್ನು ಕರೆದು ಊಟ ಹಾಕೋಣವೆಂದಿದ್ದೆ. ಮಾಮಿ ಒಪ್ಪಲಿಲ್ಲ. “ಊಟ ಹಾಕಿದರೆ ಕೋರಿ ಗಸಿಗೆ ಉಪ್ಪು ಕಮ್ಮಿ ಅಂತ ಹೇಳಿ ಹೋಗ್ತಾರೆ. ಅದರ ಬದಲು ನನ್ನ ಹೆಸರಲ್ಲಿ ಯಾವುದಾದ್ರೂ ಹುಡುಗಿ ಕಲಿಯಲಿ. ಆದ್ರೆ ಈಗಲೇ ಆಗ್ಬೇಕು ಮಾರಾಯ್ತಿ. ಸತ್ತ ಮೇಲೆ ಹೆಸರು ಕರೆದರೆ ನಾನು ಕೇಳುವುದು ಎಲ್ಲಿಂದ?”

ನಮ್ಮ ಕ್ಲಿನಿಕ್ಕಿಗೆ ಬಿಪಿ ನೋಡಿಸಲು ಬರುವ ಪ್ರಭಾಕರ ಮಾಸ್ಟ್ರು ಒಂದು ಸೇವಾ ಕ್ಲಬ್ಬಿನವರು. ಆ ಕ್ಲಬ್ಬಿನ ಪ್ರತಿಷ್ಠಾನ ಹತ್ತನೆಯ ಕ್ಲಾಸಿನ ನಂತರ ಓದು ನಿಲ್ಲಿಸುವ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳನ್ನು ಹುಡುಕಿ ಕಲಿಸುತ್ತದೆ, ದಾನಿಗಳು ಹೇಳಿದವರ ಹೆಸರಿನಲ್ಲಿ ವಿದ್ಯಾರ್ಥಿವೇತನ ಕೊಡುತ್ತದೆ. ಮಾಸ್ಟ್ರು ಫಾರ್ಮು ಕೊಟ್ಟರು. ಮನೆಗೆ ತಂದು, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಕಾಯಿ ತುರಿದ ಕೈಯಲ್ಲೇ ತುಂಬಿಸಿದೆ. ಕೊನೆಯಲ್ಲಿ ‘ಗೌರವಾರ್ಥ / ಸ್ಮರಣಾರ್ಥ’ ಎಂದಿತ್ತು. ಗೌರವಾರ್ಥದ ಮೇಲೆ ಸಂಭ್ರಮದಿಂದ ಒಂದು ದೊಡ್ಡ ರೈಟ್ ಮಾರ್ಕ್ ಎಳೆದೆ. ಅದರ ಬಾಲ ಇಡೀ ಶಬ್ದವನ್ನು ದಾಟಿ ಹೋಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೇಡವಾದುದನ್ನು ಹೊಡೆದುಹಾಕಿ’ ಎಂದಿದ್ದದ್ದನ್ನು ಓದಿದವರು ಯಾರು?

ಆಮಂತ್ರಣ ಪತ್ರಿಕೆ ಬಂದ ದಿನ ನಾನು ಬಟ್ಟೆ ಒಣಗಿಸುತ್ತಿದ್ದೆ. ಮಾಮಿಯೇ ಲಕೋಟೆ ಒಡೆದು, ಬೆರಳಿಟ್ಟು ಓದುತ್ತ ಹೊರಗೆ ಬಂದರು. “ಶಶೀ, ನನ್ನ ಹೆಸರು ಉಂಟು. ಆದ್ರೆ ಸುಂದರಿಯ ಹಿಂದೆ ಇದೆಂತ ‘ದಿ.’ ಅಂತ?”

ನೋಡಿದೆ. ‘ದಿ. ಸುಂದರಿ ಇವರ ಸ್ಮರಣಾರ್ಥ.’ ಕೈಯಲ್ಲಿದ್ದ ಒದ್ದೆ ಸೀರೆ ಕೆಳಗೆ ಬಿತ್ತು. ಮೇಲೆ ಕಾರ್ಯಕ್ರಮದ ತಾರೀಕಿನ ಹಿಂದೆಯೂ ಒಂದು ‘ದಿ.’ ಇತ್ತು. ಮುಳುಗುವವಳಿಗೆ ಅದೇ ಹುಲ್ಲುಕಡ್ಡಿಯಾಯಿತು. “ದಿನಾಂಕ ಅಂತ ಮಾಮಿ. ಮೇಲೆಯೂ ಉಂಟಲ್ಲ, ನೋಡಿ.”

ಮಾಮಿ ಮೇಲಿನ ‘ದಿ.’ ನೋಡಿದರು, ಕೆಳಗಿನ ‘ದಿ.’ ನೋಡಿದರು, ನನ್ನನ್ನು ನೋಡಿದರು. “ಹೌದಾ” ಎಂದು ಒಳಗೆ ಹೋದರು.

ಮಾಸ್ಟ್ರಿಗೆ ಫೋನ್ ಮಾಡಿದೆ. “ಅಯ್ಯೋ ಮೇಡಂ, ಗೌರವಾರ್ಥ ಹೊಡೆದುಹಾಕಿದ್ದು ನೀವೇ ಅಲ್ವಾ? ನೋಡಿ ನನಗೂ ಬೇಜಾರಾಯ್ತು. ಬೊಜ್ಜದ ಊಟಕ್ಕಾದ್ರೂ ಒಂದು ಮಾತು ಹೇಳ್ಬಹುದಿತ್ತು ಅಂತ ಹೆಂಡತಿ ಹತ್ರ ಹೇಳಿದೆ” ಎಂದರು. ಅತ್ತೆ ಒಳಗೆ ವೀಳ್ಯ ಜಗಿಯುತ್ತಿದ್ದಾರೆ, ಇವರಿಗೆ ಹದಿಮೂರನೆಯ ದಿನದ ಊಟ ತಪ್ಪಿದ ದುಃಖ! ಪತ್ರಿಕೆ ಅಚ್ಚಾಗಿತ್ತು, ಪ್ರಮಾಣಪತ್ರವೂ ಆಗಿತ್ತು. “ನಿರೂಪಣೆ ಮಾಡುವವರಿಗೆ ನಾನೇ ಹೇಳ್ತೇನೆ, ನೀವು ಟೆನ್ಷನ್ ಮಾಡ್ಬೇಡಿ” ಎಂದರು.

ಆಮೇಲಿನ ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ, ಪೇಪರನ್ನೂ ನೋಡಲಿಲ್ಲ. ಬದುಕಿರುವಾಗ ಹೆಸರು ಕೇಳಬೇಕೆಂಬುದು ಮಾಮಿಯ ಒಂದೇ ಆಸೆ. ಅದನ್ನೇ ನಾನು ತಿಥಿಯ ಸಾಲಿಗೆ ಸೇರಿಸಿಬಿಟ್ಟಿದ್ದೆ. ನಮ್ಮಲ್ಲಿ ಹೆಸರು ಹಾಕಿಸುವುದೆಲ್ಲ ಹೋದ ಮೇಲೆಯೇ. ಬಸ್ ಸ್ಟ್ಯಾಂಡಿನ ಬೆಂಚು, ಶಾಲೆಯ ಗಡಿಯಾರ, ಆಸ್ಪತ್ರೆಯ ನೀರಿನ ನಲ್ಲಿ, ಎಲ್ಲದರ ಮೇಲೂ ಇರುವವರು ಇಲ್ಲದವರೇ. ಬದುಕಿರುವವರ ಹೆಸರನ್ನು ನಾವು ಕರೆಯುವುದು ಚಾ ಆಯಿತೇ ಎಂದು ಕೇಳಲು ಮಾತ್ರ. ಕಾರ್ಯಕ್ರಮದ ದಿನ ಮೊಣಕಾಲು ನೋವೆಂದು ಮಾಮಿಯೇ ಉಳಿದುಕೊಂಡರೆ ಸಾಕೆಂದು ಪ್ರಾರ್ಥಿಸಿದೆ. ಅವರು ಒಂದು ಗಂಟೆ ಮೊದಲೇ ಮದುವೆಯ ಸೀರೆ ಉಟ್ಟು ಗೇಟಿನಲ್ಲಿ ನಿಂತಿದ್ದರು.

ಬಿಕರ್ನಕಟ್ಟೆಯ ಹತ್ತಿರದ ಸಭಾಂಗಣ. ಮಾಸ್ಟ್ರು ಬಾಗಿಲಲ್ಲಿ ಅತಿಥಿಗಳಿಗೆ ಕೈ ಮುಗಿಯುವುದರಲ್ಲೇ ಮುಳುಗಿದ್ದರು. ನನ್ನನ್ನು ಕಂಡು ತಲೆಗೆ ಕೈ ಹೊಡೆದುಕೊಂಡಾಗಲೇ ಅರ್ಥವಾಯಿತು, ಹೇಳಲು ಮರೆತಿದ್ದಾರೆ. ಅಷ್ಟರಲ್ಲಿ ಮೈಕು ಹೇಳಿತು: “ದಾನಿಗಳ ಅಗಲಿದ ಹಿರಿಯರಿಗಾಗಿ ಒಂದು ನಿಮಿಷ ಮೌನ.” ಎಲ್ಲರೂ ಎದ್ದರು. ಮಾಮಿಯೂ ಎದ್ದು, ತಲೆ ತಗ್ಗಿಸಿ, ತಮಗಾಗಿ ತಾವೇ ಒಂದು ನಿಮಿಷ ಮೌನ ಆಚರಿಸಿದರು. ನನ್ನ ಜೀವಮಾನದ ಅತಿ ಉದ್ದದ ನಿಮಿಷ ಅದು.

“ದಿವಂಗತ ಸುಂದರಿ ಅಮ್ಮನವರ ಸ್ಮರಣಾರ್ಥ ವಿದ್ಯಾರ್ಥಿವೇತನ. ಅವರ ಸೊಸೆ ವೇದಿಕೆಗೆ ಬರಬೇಕು.”

ನಾನು ಏಳುವ ಮೊದಲೇ ಮಾಮಿ ಮೆಟ್ಟಿಲು ಹತ್ತಿದ್ದರು. “ಸೊಸೆ ಎಂತಕ್ಕೆ? ಸುಂದರಿಯೇ ಬಂದಿದ್ದೇನಲ್ಲ.” ಮೀನು ಕೂಗಿ ಮಾರಿದ ಗಂಟಲಿಗೆ ಮೈಕು ಬೇಕಾಗಲಿಲ್ಲ. ನಿರೂಪಣೆಯ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದರು. ವಿದ್ಯಾರ್ಥಿವೇತನದ ಹುಡುಗಿ ಪ್ರಮಾಣಪತ್ರಕ್ಕೆ ಕೈ ಚಾಚಿ ನಿಂತಿದ್ದಳು. ಮಾಮಿ ಅದರ ಮೇಲೆ ಬೆರಳಿಟ್ಟರು. “ಇದೆಂತ ಮಗಾ, ಓದು ನೋಡುವ.”

ಹುಡುಗಿ ಕಾಲಿನ ಬೆರಳು ನೋಡಿದಳು. “ದಿವಂಗತ... ಅಜ್ಜಿ.”

“ಅಲ್ಲ, ದಿನಾಂಕ. ನನ್ನ ಸೊಸೆ ಹೇಳಿದ್ದಾಳೆ. ಊರಿಗೇ ಫಾರ್ಮು ತುಂಬಿಸ್ಲಿಕ್ಕೆ ಕಲಿಸುವವಳು, ಅವಳು ತಪ್ಪು ಹೇಳ್ತಾಳಾ? ದಿನಾಂಕ ಅಂತ ಹಾಕಿದ್ದಾರೆ, ತಾರೀಕು ಇನ್ನೂ ಬರೀಲಿಲ್ಲ, ಅಷ್ಟೇ. ಅದನ್ನು ಬರೆಯುವವ ಮೇಲೆ ಇದ್ದಾನೆ. ಅಷ್ಟರೊಳಗೆ ನೀನು ಕಲಿತು ಮುಗಿಸು.”

ಸಭೆ ನಕ್ಕಿತು, ಆಮೇಲೆ ಚಪ್ಪಾಳೆ. ನನಗೆ ಕನ್ನಡಕ ಒರೆಸಿಕೊಳ್ಳುವುದಿತ್ತು.

ರಿಕ್ಷಾದಲ್ಲಿ ಬರುವಾಗ ಕೇಳಿದೆ, “ಗೊತ್ತಿದ್ದರೆ ಆಗಲೇ ಬೈಯಬಹುದಿತ್ತಲ್ಲ ಮಾಮಿ?”

“ದಿನಾ ಆ ಪುಟ ಓದುವವಳಿಗೆ ‘ದಿ.’ ಗೊತ್ತಿಲ್ವಾ? ಬೈದಿದ್ದರೆ ನಾಚಿಕೆಯಲ್ಲಿ ನೀನು ನನ್ನನ್ನು ಮನೆಯಲ್ಲೇ ಕೂರಿಸ್ತಿದ್ದೆ. ನನಗೆ ಹೆಸರು ಕರೆಯುವುದು ಕೇಳ್ಬೇಕಿತ್ತು. ಹಿಂದೆ ಎಂತ ಸೇರಿಸಿದರೆಂತ, ಹೆಸರು ನನ್ನದೇ ಅಲ್ವಾ?”

ಕ್ಲಬ್ಬಿನವರು ತಿದ್ದಿದ ಪ್ರಮಾಣಪತ್ರದ ಜೊತೆ ಬರುವ ವರ್ಷದ ಫಾರ್ಮನ್ನೂ ಕಳುಹಿಸಿದ್ದಾರೆ. ಈ ಸಲ ಮಾಮಿ ಅದನ್ನು ನನ್ನ ಕೈಗೆ ಕೊಡಲಿಲ್ಲ. ಜಗಲಿಯಲ್ಲಿ ಕುಳಿತು, ಪೆನ್ನಿನ ತುದಿಯನ್ನು ಒಮ್ಮೆ ಊದಿ, ಒಂದೊಂದೇ ಅಕ್ಷರವಾಗಿ ‘ಶಶಿಕಲಾ’ ಎಂದು ಬರೆದರು. ನನ್ನ ಹೆಸರಿನಲ್ಲೂ ಒಬ್ಬಳು ಕಲಿಯಲಿ ಎಂದು. “ಸರಿಯಾಗಿ ಓದಿ ತುಂಬಿಸಿ ಮಾಮಿ” ಎಂದೆ, ಬಾಯಿ ಸುಮ್ಮನಿರಬೇಕಲ್ಲ. “ನೀನು ಕಲಿಸಿದ ಹಾಗೆಯೇ ತುಂಬಿಸಿದ್ದೇನೆ” ಎಂದು ಫಾರ್ಮನ್ನು ಮಡಚಿ ಲಕೋಟೆಗೆ ಹಾಕಿ ಅಂಟಿಸಿಬಿಟ್ಟರು. ಎರಡು ಶಬ್ದಗಳಲ್ಲಿ ಯಾವುದರ ಮೇಲೆ ಗೆರೆ ಎಳೆದಿದ್ದಾರೋ ತಿಳಿಯದು. ಆಮಂತ್ರಣ ಪತ್ರಿಕೆ ಬರುವವರೆಗೆ ನನ್ನ ಆರೋಗ್ಯವನ್ನು ಸ್ವಲ್ಪ ಜಾಸ್ತಿಯೇ ನೋಡಿಕೊಳ್ಳುತ್ತಿದ್ದೇನೆ.