ಸಲೂನ್ ಕಾಕಾನ ತಲೆ, ನನ್ನ ಎಂಆರ್‌ಐ

ಮುಂಬೈನ ಮಲಾಡಿನ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನಡೆಸುವವನು ನಾನು, ವಿಜಯಪುರ ಕಡೆಯ ಹಳ್ಳಿಯವ. ನಾನು ತೆಗೆದ ಚಿತ್ರವನ್ನು ಎರಡನೇ ಸಲ ತೆಗೆಯುವ ಮಾತೇ ಇಲ್ಲ ಅಂತ ಎದೆ ತಟ್ಟಿ ಹೇಳುತ್ತೇನೆ. ಹೇಳಿದ ದಿನವೇ ನಮ್ಮೂರ ಕಡೆಯವರು ಯಾರಾದರೂ ಬಂದೇ ಬರುತ್ತಾರೆ.

ಈ ಸಲ ಬಂದವರು ದಾದರ್‌ನಲ್ಲಿ ಕಟಿಂಗ್ ಸಲೂನ್ ಇಟ್ಟ ಕಾಕಾ. ಅವರಿಗೆ ಪಾರ್ಶ್ವವಾಯು ಹೊಡೆದಿತ್ತು; ಮೆದುಳಿನ ರಕ್ತನಾಳದಲ್ಲಿ ಸಿಕ್ಕಿದ್ದ ಹೆಪ್ಪನ್ನು ಡಾಕ್ಟರು ಎಳೆದು ತೆಗೆದಿದ್ದರು. ಎಳೆಯುವಾಗ ನಾಳದ ಗೋಡೆಗೆ ಪೆಟ್ಟಾಗಿದೆಯೇ ನೋಡಬೇಕಿತ್ತು. ಗೋಡೆ ಚೆನ್ನಾಗಿದ್ದರೆ ಇವತ್ತೇ ಮನೆಗೆ.

೧. ಸೊಂಟದ ಪಟ್ಟಿ

"ಮೈಮ್ಯಾಲೆ ಲೋಹ ಏನರೆ ಐತೇನ್ರಿ?"

"ಏನೂ ಇಲ್ಲ ತಮ್ಮಾ."

ಡಿಟೆಕ್ಟರ್ ಸೊಂಟದ ಹತ್ತಿರ ಕಿರುಚಿತು. ನೋಡಿದರೆ ಬೆಳ್ಳಿ ಉಡದಾರ!

"ಅದೇನ್ ಲೋಹ? ಅದು ಹುಟ್ಟಿದಾಗಿಂದ ಐತಿ," ಅಂದರು ಕಾಕಾ.

ಕಾಕಾನ ಹೆಂಡತಿ ಕಾಕು ಅಡ್ಡ ನಿಂತರು: "ಬರೀ ಸೊಂಟ ಬಿಡಬಾರದಪಾ!"

ನನ್ನ ತಲೆ ಓಡಿತು. ಮೊದಲು ಬ್ಯಾಂಡೇಜ್ ಬಟ್ಟೆ ಸುತ್ತಿ ಕಟ್ಟಿದೆ, ಆಮೇಲೆ ಬೆಳ್ಳಿ ಬಿಚ್ಚಿದೆ. ವಾರ್ಡಿನ ನರ್ಸ್ ನೋಡಿ ಗಾಬರಿಯಾದಳು: "ಹೆಪ್ಪು ಇದ್ದದ್ದು ತಲೆಯಲ್ಲಿ, ಪಟ್ಟಿ ಸೊಂಟಕ್ಯಾಕೆ?"

೨. ಮಂಜು

"ಕಾಕಾ, ತಲಿ ಅಲ್ಲಾಡಿಸಬ್ಯಾಡ್ರಿ. ತಿಳೀತೇನ್ರಿ?"

ಕಾಕಾ ಜೋರಾಗಿ ತಲೆಯಾಡಿಸಿದರು.

ಯಂತ್ರ ಶುರುವಾಯಿತು. ಧೈರ್ಯ ತುಂಬೋಣ ಅಂತ ಮೈಕಿನಲ್ಲಿ ಹೇಳಿದೆ: "ಹೆದರಬ್ಯಾಡ್ರಿ, ಮಷೀನ್ ನನ್ನ ಕೈಯಾಗ ಐತಿ! ಆರಾಮ ಅದೀರಿ?" ಕಾಕಾ ಹೂಂ ಅಂತ ತಲೆಯಾಡಿಸಿದರು. ಮೂರು ಸಲ ಕೇಳಿದೆ, ಮೂರು ಸಲವೂ ಆಡಿಸಿದರು.

ಚಿತ್ರ ನೋಡುವ ಡಾಕ್ಟರ್ ಮೇಡಂ ಬಂದರು. "ಗೋಡೆ ತೋರಿಸು ಅಂದ್ರೆ ಮಂಜು ತೋರಿಸ್ತೀಯಾ?"

"ಪೇಷಂಟ್ ಅಲ್ಲಾಡಿದ್ರು, ಮೇಡಂ."

"ಔರ್ ನಡುವೆ ಮಾತಾಡ್ತಾ ಇದ್ದದ್ದು ಯಾರು?"

೩. ಮೌನ

ಎರಡನೇ ಸಲ ತುಟಿ ಬಿಚ್ಚಲಿಲ್ಲ. ನನಗದು ಎಷ್ಟು ಕಷ್ಟ ಅಂತ ಊರಲ್ಲಿ ಯಾರನ್ನಾದರೂ ಕೇಳಿ. ಐದು ನಿಮಿಷಕ್ಕೆ ಒಳಗಿಂದ ಕಾಕಾ ಕತ್ತು ಹೊರಳಿಸಿ ಕೂಗಿದರು:

"ತಮ್ಮಾ, ಅದೀಯೋ, ಚಾ ಕುಡ್ಯಾಕ ಹೋದಿಯೋ?"

೪. ಕಿವಿ

ಮೇಡಂ ಕೈ ಕಟ್ಟಿ ನಿಂತರು. "ಕೊನೇ ಸಲ. ಬರದಿದ್ರೆ ಇವತ್ತು ಮನೆಗಿಲ್ಲ."

ಕಾಕು ಕಣ್ಣೊರೆಸಿಕೊಂಡರು. ಮರುಕ್ಷಣ ನನ್ನನ್ನು ಪಕ್ಕಕ್ಕೆ ತಳ್ಳಿ ಮೈಕ್ ಹಿಡಿದು, ಗಂಡ ಅಂಗಡಿಯಲ್ಲಿ ಸಣ್ಣ ಹುಡುಗರಿಗೆ ಹೇಳುವ ಮಾತನ್ನೇ ಗಂಡನಿಗೆ ಹೇಳಿದರು:

"ಏನ್ರೀ, ಅಲ್ಲಾಡಿದ್ರ ಕಿವಿ ಹೋಗ್ತದ ನೋಡ್ರಿ!"

ಕಾಕಾ ಕಲ್ಲಾದರು. ಚಿತ್ರ ಕನ್ನಡಿಯಂತೆ ಬಂತು. ಗೋಡೆಗೆ ಏನೂ ಆಗಿರಲಿಲ್ಲ, ಮನೆಗೆ ಕಳಿಸಿ ಅಂದರು ಮೇಡಂ. ಕೀರ್ತಿ ನನ್ನದೇ, ಮೈಕ್ ನನ್ನದಲ್ಲವೇ?

ಹೊರಗೆಳೆದ ಕೂಡಲೇ ಕಾಕಾ ಎರಡೂ ಕೈಯಿಂದ ಎರಡೂ ಕಿವಿ ಮುಟ್ಟಿ ನೋಡಿಕೊಂಡರು.

"ನಲವತ್ತು ವರ್ಷದಿಂದ ಈ ಸುಳ್ಳ ಹೇಳಾಕತ್ತೀನಿ ತಮ್ಮಾ. ನಂಬಿದ ಮೊದಲನೇ ದೊಡ್ಡ ಮನುಷ್ಯಾ ನಾನ!"