ಬಿಸಿಲು ತಿಂದ ಹೋತ

ಮಾಸ್ತರಿಕೆ ಮಾಡಿದವನ ಬಾಳೇ ಹೀಗೆ. ಪಾಠ ಹೇಳುವುದು ಒಂದು ಕಡೆ, ಅದು ಹೋಗಿ ಮುಟ್ಟುವುದು ಇನ್ನೊಂದು ಕಡೆ. ಒಮ್ಮೆ ಆದರೆ ಮರೆತುಬಿಡಬಹುದು, ನನಗೆ ಜೀವಮಾನವಿಡೀ ಇದೇ ಆಯಿತು.

ನಿಜಾಮರ ಕಾಲದಲ್ಲಿ ನಾನು ಕಲಬುರ್ಗಿಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪುಸ್ತಕ ಉರ್ದುವಿನಲ್ಲಿ, ಹುಡುಗರ ಮನೆಮಾತು ಕನ್ನಡ, ನನ್ನ ಪಾಠ ಎರಡರ ನಡುವೆ ಎಲ್ಲೋ. ನನಗೆ ಬಹಳ ಪ್ರೀತಿಯ ಪಾಠ ಒಂದಿತ್ತು. ಗಿಡ ಬಿಸಿಲಿನ ತಾಕತ್ತು ಹಿಡಿದು ಎಲೆಯಲ್ಲಿ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ, ದನಕರು ಆ ಎಲೆ ತಿಂದು ಬದುಕುತ್ತವೆ, ನಾವು ಗಿಡದ ಕಾಳನ್ನೂ ದನದ ಹಾಲನ್ನೂ ಉಂಡು ಬದುಕುತ್ತೇವೆ. ಕಡೆಗೆ ಎಲ್ಲರ ಮೈಯಲ್ಲಿ ಓಡಾಡುವುದು ಅದೇ ಬಿಸಿಲು. ಇಂಥ ಪಾಠಕ್ಕೆ ಕಲಬುರ್ಗಿಗಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು? ಬೇರೆ ಸಾಮಾನು ಬೇಕಿರಲಿಲ್ಲ, ಕಿಟಕಿ ತೆರೆದರೆ ಸಾಕಿತ್ತು.

ನೌಕರಿ ಮಾತ್ರ ಕಾಯಂ ಆಗಿರಲಿಲ್ಲ. ಸ್ಟೇಶನ್ ಬಜಾರದ ಕಾಳಿನ ವ್ಯಾಪಾರಿಯೊಬ್ಬರು ಮಗಳನ್ನು ನನಗೆ ಕೊಡುತ್ತೇವೆ ಎಂದಿದ್ದರು, ಆದರೆ ನೌಕರಿ ಕಾಯಂ ಆದ ಮೇಲೆ. ಹುಡುಗಿಯನ್ನು ಒಂದೇ ಸಲ ನೋಡಿದ್ದೆ, ನಿದ್ದೆ ಕೆಡಲು ಅಷ್ಟೇ ಸಾಕಾಗಿತ್ತು. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ, ಅದು ಹೈದರಾಬಾದಿನಿಂದ ಶಾಲೆಯ ತನಿಖೆಗೆ ಬರುವ ಸಾಹೇಬರ ಕೈಯಲ್ಲಿತ್ತು. ಆ ವರ್ಷ ನಡೆದದ್ದನ್ನೆಲ್ಲ ನೆನೆದರೆ ಈಗ ನಗೆ ಬರುತ್ತದೆ. ಆಗ ಬಂದಿರಲಿಲ್ಲ.

ಕಮಲಾಪುರದ ಕರಿ ಬಟ್ಟೆ

ನನ್ನ ಊರು ಕಮಲಾಪುರ. ಅಪ್ಪನದು ಕೆಂಬಾಳೆ ತೋಟ. ಗೊನೆ ಹಣ್ಣಾಗುವ ದಿನಗಳಲ್ಲಿ ಮನೆಯ ಅಟ್ಟದಿಂದ ಇಳಿದು ಬರುತ್ತಿದ್ದ ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಹಣ್ಣು ಈಗಲೂ ಸಿಗುತ್ತದೆ, ಸುಲಿದು ಕೈಗಿಡುತ್ತಿದ್ದ ಅಪ್ಪ ಇಲ್ಲ.

ರಜೆಗೆ ಊರಿಗೆ ಹೋದಾಗ ತೋಟದ ಒಂದು ಬಾಳೆಯ ಎಲೆಗೆ ಅಡ್ಡಲಾಗಿ ಕರಿ ಬಟ್ಟೆ ಸುತ್ತಿ ಕಟ್ಟಿದೆ. ಬಿಸಿಲು ಬೀಳದ ಭಾಗ ಬಿಳಚಿಕೊಳ್ಳುವುದನ್ನು ಅಪ್ಪನಿಗೆ ತೋರಿಸುವ ಹುಮ್ಮಸ್ಸು. ಅಪ್ಪ ಸುಮ್ಮನೆ ನೋಡಿ, ಉಣ್ಣುವ ಗಿಡದ ಬಾಯಿಗೆ ಬಟ್ಟೆ ಕಟ್ಟಲು ಇಷ್ಟು ದೂರ ಹೋಗಿ ಓದಬೇಕಿತ್ತೇ ಎಂದು ಕೇಳಿ ನೀರು ತಿರುವಲು ಹೋದರು. ರಜೆ ಮುಗಿಯಿತು, ನಾನು ಕಲಬುರ್ಗಿಗೆ ಬಂದೆ.

ಅದೃಷ್ಟಕ್ಕೋ ದುರದೃಷ್ಟಕ್ಕೋ ಅದೇ ಗಿಡ ಆ ಸಲ ತೋಟದಲ್ಲೇ ದೊಡ್ಡ ಗೊನೆ ಬಿಟ್ಟಿತು. ಓದಿದ ಮಾಸ್ತರನೇ ದೃಷ್ಟಿ ತಾಗದಿರಲೆಂದು ಕರಿ ಬಟ್ಟೆ ಕಟ್ಟಿ ಹೋಗಿದ್ದಾನೆ ಎಂದು ಊರು ತೀರ್ಮಾನಿಸಿತು. ಮುಂದಿನ ರಜೆಗೆ ಹೋಗಿ ನೋಡುತ್ತೇನೆ, ಯಾವ ತೋಟ ನೋಡಿದರೂ ಎಲೆಗೆಲ್ಲ ಕರಿ ಬಟ್ಟೆ. ಒಬ್ಬರಂತೂ ಗಟ್ಟಿಮುಟ್ಟಾದ ಕೊಡೆಯನ್ನೇ ಹರಿದು ಕಟ್ಟಿದ್ದರು.

ನಾನು ತೋಟದಿಂದ ತೋಟಕ್ಕೆ ಅಲೆದು, ಇದು ದೃಷ್ಟಿಯ ಬಟ್ಟೆಯಲ್ಲ, ಬಿಸಿಲು ತಡೆಯುವ ಬಟ್ಟೆ, ಗಿಡ ಉಪವಾಸ ಬೀಳುತ್ತದೆ ಎಂದು ಹೇಳಿದೆ. ಯಾರೂ ನಂಬಲಿಲ್ಲ. ಕಡೆಗೆ ಕೊಡೆ ಹರಿದ ಹಿರಿಯರ ಎದುರಿಗೇ ಬಟ್ಟೆ ಬಿಚ್ಚಿದೆ. ಒಳಗೆ ಎಲೆ ಹಳದಿಯಾಗಿ ಬಿಳಚಿತ್ತು. ಈಗಲಾದರೂ ತಿಳಿಯಿತಲ್ಲ ಎಂದು ಅವರ ಮುಖ ನೋಡಿದೆ. ಅವರು ಎಲೆ ಸವರಿ ನಿಟ್ಟುಸಿರು ಬಿಟ್ಟರು.

"ಎಂಥಾ ಕೆಟ್ಟ ಕಣ್ಣು ನೋಡ್ರಿ ಮಾಸ್ತರ, ಬಟ್ಟಿ ತೂರಿ ಒಳಗ ಹೋಗ್ಯದ. ನಾಳಿ ಎರಡು ಪದರ ಕಟ್ತೀನಿ."

ಖಾನಾವಳಿಯ ಲೆಕ್ಕಾಚಾರ

ಕಲಬುರ್ಗಿಯಲ್ಲಿ ನನ್ನ ಊಟ ಒಬ್ಬ ವಿಧವೆ ತಾಯಿಯ ಖಾನಾವಳಿಯಲ್ಲಿ. ಎಲ್ಲರೂ ಅವರನ್ನು ಅವ್ವ ಎನ್ನುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಮರೆಯದೆ ಒಂದು ಉಂಡೆ ಬೆಣ್ಣೆ. ಅಂಥ ಊಟ ಮತ್ತೆ ಉಂಡಿಲ್ಲ. ಈ ಮಾತನ್ನು ಮನೆಯಲ್ಲಿ ಹೇಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತನಿಖೆ ಹತ್ತಿರ ಬಂದಂತೆ ಪಾಠ ನನ್ನ ತಲೆಯಿಂದ ಇಳಿಯದಾಯಿತು. ಉಣ್ಣುತ್ತಲೇ ಅವ್ವನಿಗೆ ಹೇಳಿದೆ. ಜೋಳ ಬಿಸಿಲಿನ ತಾಕತ್ತನ್ನು ನೇರವಾಗಿ ಹಿಡಿಯುತ್ತದೆ. ಎಮ್ಮೆ ಮೇವು ತಿಂದರೆ ಅದರಲ್ಲಿ ಬಹುಪಾಲು ತಾಕತ್ತು ಎಮ್ಮೆಯ ಓಡಾಟಕ್ಕೆ, ಉಸಿರಾಟಕ್ಕೆ, ಮೈಯ ಕಾವಿಗೆ ಖರ್ಚಾಗುತ್ತದೆ, ನಮ್ಮ ಪಾಲಿಗೆ ಹಾಲಿನಲ್ಲಿ ಬರುವುದು ಸ್ವಲ್ಪವೇ. ಹೀಗೆ ಒಂದೊಂದು ಹೊಟ್ಟೆ ದಾಟಿದಾಗಲೂ ತಾಕತ್ತು ಸೋರುತ್ತದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಶಾಲೆಯಲ್ಲಿ ಯಾರೂ ಅಷ್ಟು ಗಮನ ಕೊಟ್ಟಿರಲಿಲ್ಲ, ನಾನು ಉಬ್ಬಿಹೋದೆ.

ಮರುದಿನ ತಾಟಿನಲ್ಲಿ ಬೆಣ್ಣೆ ಇಲ್ಲ, ಮೊಸರೂ ಇಲ್ಲ. ಕೇಳಿದರೆ, ಎಮ್ಮೆ ಖರ್ಚು ಮಾಡಿ ಉಳಿಸಿದ್ದನ್ನು ಓದಿದವರಿಗೆ ಹೇಗೆ ಬಡಿಸಲಿ, ನೇರವಾದದ್ದನ್ನೇ ಉಣ್ಣಿರಿ ಎಂದರು. ಪಕ್ಕದಲ್ಲಿ ಕೂತವರ ತಾಟಿನಲ್ಲಿ ನನ್ನ ಬೆಣ್ಣೆ ಕರಗುತ್ತಿತ್ತು. ನಾನು ಸಣ್ಣ ದನಿಯಲ್ಲಿ ತಕರಾರು ತೆಗೆದೆ.

"ಸುಮ್ಮ ಉಣ್ರಿ ಮಾಸ್ತರ. ಭಾಳ ಮಾತಾಡಿದ್ರ ನಾಳಿ ರೊಟ್ಟಿನೂ ಇಲ್ಲ. ಹೊರಗ ಬಿಸಲಾಗ ಕುಂದ್ರಸ್ತೀನಿ, ನೇರ ಅಲ್ಲಿಂದನ ಉಣ್ರಿ."

ಸ್ಪಿರಿಟ್ ಬಾಟಲಿ

ತನಿಖೆಯ ದಿನ ಸಾಹೇಬರಿಗೆ ಒಂದು ಪ್ರಯೋಗ ತೋರಿಸುವುದೆಂದು ನಿಶ್ಚಯಿಸಿದ್ದೆ. ಕುಂಡದ ದಾಸವಾಳ ಗಿಡದ ಒಂದು ಎಲೆಯ ಅರ್ಧಕ್ಕೆ ಕರಿ ಬಟ್ಟೆ ಕಟ್ಟಿ ಬಿಸಿಲಿಗಿಡುವುದು. ಆಮೇಲೆ ಎಲೆಯನ್ನು ಸ್ಪಿರಿಟ್‌ನಲ್ಲಿ ಕುದಿಸಿದರೆ ಹಸಿರು ಬಿಡುತ್ತದೆ, ಅದಕ್ಕೆ ಅಯೋಡಿನ್ ಹನಿಸಿದರೆ ಬಿಸಿಲು ಉಂಡ ಅರ್ಧ ಮಾತ್ರ ಕಪ್ಪಾಗುತ್ತದೆ. ಅಲ್ಲಿ ಗಿಡ ಅನ್ನ ಮಾಡಿ ಇಟ್ಟಿದೆ ಎಂದು ಅರ್ಥ.

ದವಾಖಾನೆಯ ಕಂಪೌಂಡರರನ್ನು ಕಾಡಿ ಬೇಡಿ ಒಂದು ಬಾಟಲಿ ಸ್ಪಿರಿಟ್ ತಂದೆ. ಬರುವ ದಾರಿ ಸ್ಟೇಶನ್ ಬಜಾರದ ಮೇಲೆಯೇ. ಭಾವಿ ಮಾವ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದವರು ನನ್ನನ್ನು ಕರೆದು, ಬಗಲಲ್ಲಿ ಏನು ಎಂದರು. ಮುಚ್ಚಳ ತೆಗೆದು ಮೂಸಿದರು, ಸಾರಾಯಿಯದೇ ವಾಸನೆ. ಅವರ ಮುಖ ನೋಡಿದ ಕೂಡಲೇ ನನ್ನ ಲಗ್ನ ಅರ್ಧ ಮುರಿದಂತೆ ಅನ್ನಿಸಿತು.

ನಾನು ತಡವರಿಸುತ್ತ ಎಲ್ಲ ವಿವರಿಸಿದೆ. ನನಗಲ್ಲ, ಎಲೆಗೆ. ಎಲೆಯನ್ನು ಇದರಲ್ಲಿ ಹಾಕಿದರೆ ಅದು ಏನು ಉಂಡಿದೆ ಎಂದು ಗೊತ್ತಾಗುತ್ತದೆ. ಗಿರಾಕಿಗಳೂ ಹಮಾಲರೂ ಸುತ್ತ ಸೇರಿದರು. ಒಳಗಿನ ಬಾಗಿಲ ಸಂದಿಯಲ್ಲಿ ಬಳೆಯ ಸದ್ದಾಯಿತು, ಯಾರ ಬಳೆ ಎಂದು ನನಗೆ ಗೊತ್ತಿತ್ತು. ನಾಚಿಕೆಯಿಂದ ನೆಲ ನೋಡಿದೆ. ಮಾವ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ನನ್ನ ಕೈಗಿತ್ತರು.

"ಕುಡಿಯೋರನ್ನ ಭಾಳ ಮಂದಿ ನೋಡೀನ್ರಿ ಮಾಸ್ತರ. ಎಲಿಗಿ ಕುಡಸೋರನ್ನ ಇವತ್ತ ನೋಡಾಕತ್ತೀನಿ."

ತನಿಖೆ

ನಮ್ಮ ಶಾಲೆಯ ಸದರ್ ಸಾಹೇಬರು, ಅಂದರೆ ಹೆಡ್‌ಮಾಸ್ತರರು, ಬಹಳ ಸಾಧು ಮನುಷ್ಯ. ಶಾಲೆಯ ಆವರಣದಲ್ಲೇ ಅವರ ಮನೆ. ಅವರ ಮನೆಯವರು ಕೈಯಾರೆ ಕಡಲೆ ತಿನ್ನಿಸಿ ಬೆಳೆಸಿದ ಒಂದು ಹೋತ ಅಲ್ಲೇ ಇರುತ್ತಿತ್ತು. ಅದು ಯಾರ ಮಾತೂ ಕೇಳುತ್ತಿರಲಿಲ್ಲ, ಸದರ್ ಸಾಹೇಬರ ಮಾತನ್ನಂತೂ ಇಲ್ಲವೇ ಇಲ್ಲ.

ತನಿಖೆಯ ದಿನ ಬಂತು. ಶೇರವಾನಿ, ಕುಚ್ಚಿನ ಕೆಂಪು ರೂಮಿ ಟೋಪಿ ತೊಟ್ಟ ಹೈದರಾಬಾದಿನ ಸಾಹೇಬರು ತರಗತಿಗೆ ಬಂದು ಕೂತರು. ಪಾಠ ಚೆನ್ನಾಗಿಯೇ ನಡೆಯಿತು. ಬಿಸಿಲಿನ ತಾಕತ್ತು ಎಲೆಗೆ ಹೇಗೆ ಬರುತ್ತದೆ, ಎಲೆಯಿಂದ ಪ್ರಾಣಿಗೆ ಹೇಗೆ ಹೋಗುತ್ತದೆ, ಎಲ್ಲ ಹೇಳಿದೆ. ಸಾಹೇಬರು ತಲೆದೂಗಿದರು. ಇನ್ನು ಕಣ್ಣಾರೆ ನೋಡಬೇಕು ಎಂದು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋದೆ. ಸ್ಪಿರಿಟ್, ಅಯೋಡಿನ್, ಒಲೆ, ಎಲ್ಲ ಸಿದ್ಧ. ಕುಂಡವೂ ಇತ್ತು. ಕುಂಡದಲ್ಲಿ ದಾಸವಾಳದ ಕಡ್ಡಿ ಇತ್ತು. ಎಲೆ ಒಂದೂ ಇರಲಿಲ್ಲ.

ಪಕ್ಕದಲ್ಲಿ ಹೋತ ನಿಂತಿತ್ತು. ಅದರ ಬಾಯಿಂದ ಕರಿ ಬಟ್ಟೆ ಜೋತಾಡುತ್ತಿತ್ತು.

ಸದರ್ ಸಾಹೇಬರು ಕಣ್ಣು ಮುಚ್ಚಿಕೊಂಡರು. ನನ್ನ ಕಣ್ಣ ಮುಂದೆ ನೌಕರಿ ಹೋಯಿತು, ಅದರ ಹಿಂದೆಯೇ ಬಳೆಯ ಸದ್ದೂ ಹೋಯಿತು. ಪ್ರಯೋಗ ಎಲ್ಲಿ ಎಂದು ಸಾಹೇಬರು ಕೇಳಿದರು. ಹೋತದ ಹೊಟ್ಟೆಯಲ್ಲಿದೆ ಎಂದೆ, ಬೇರೆ ಏನು ಹೇಳಲು ಬರುತ್ತಿತ್ತು? ಹಾಗಿದ್ದರೆ ಆ ಎಲೆಯ ತಾಕತ್ತು ಈಗ ಎಲ್ಲಿ ಹೋಯಿತು ಎಂದು ಕೇಳುತ್ತ ಅವರು ಬಗ್ಗಿ, ಹೋತದ ಬಾಯಿಯ ಬಟ್ಟೆ ಹಿಡಿದು ಎಳೆದರು. ಹೋತ ಬಟ್ಟೆ ಬಿಟ್ಟುಕೊಟ್ಟಿತು. ಸಾಹೇಬರು ಅದನ್ನು ಹಿಡಿದು ನನ್ನ ಕಡೆ ತಿರುಗಿದರು. ಹೋತ ಒಂದೆರಡು ಹೆಜ್ಜೆ ಹಿಂದೆ ಸರಿದು, ತಲೆ ಬಗ್ಗಿಸಿ, ಓಡಿ ಬಂದು ಅವರನ್ನು ಹಿಂದಿನಿಂದ ಗುದ್ದಿತು.

ಟೋಪಿ ಒಂದು ಕಡೆ, ಸಾಹೇಬರು ಒಂದು ಕಡೆ. ಸಾಹೇಬರು ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದರು, ಧೂಳು ಝಾಡಿಸಿದರು, ನನ್ನನ್ನೇ ನೋಡಿ ಉರ್ದುವಿನಲ್ಲಿ ಹೇಳಿದರು: ಮಾಸ್ತರ್, ಪಾಠ ಪೂರ್ತಿ ತಿಳಿಯಿತು. ಸೂರ್ಯನ ತಾಕತ್ತು ನನ್ನ ತನಕ ಬಂದು ಮುಟ್ಟಿತು.

ಆಮೇಲೆ ಅವರೇ ಮೊದಲು ನಕ್ಕರು. ಅಂಥ ದೊಡ್ಡ ಮನಸ್ಸಿನ ಅಧಿಕಾರಿಯನ್ನು ನಾನು ಮತ್ತೆ ಕಾಣಲಿಲ್ಲ. ಹೊರಡುವ ಮುಂಚೆಯೇ ನನ್ನನ್ನು ಕಾಯಂ ಮಾಡಲು ಸದರ್ ಸಾಹೇಬರಿಗೆ ಹೇಳಿಹೋದರು.

ಎಲೆಯೇ ಇಲ್ಲದ ಮೇಲೆ ಸ್ಪಿರಿಟ್ ಯಾಕೆ? ಬಾಟಲಿಯನ್ನು ದವಾಖಾನೆಗೆ ವಾಪಸು ಒಯ್ಯುತ್ತಿದ್ದೆ. ಮಾವ ಮತ್ತೆ ಕಟ್ಟೆಯ ಮೇಲಿಂದ ಕರೆದರು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ತುಂಬಿದ್ದು ತುಂಬಿದ ಹಾಗೆಯೇ ಇತ್ತು. ನೌಕರಿಯ ಸುದ್ದಿಯನ್ನು ನಾನು ಹೇಳುವ ಮೊದಲೇ ಒಳಗೆ ಕೂಗಿ ಸಕ್ಕರೆ ತರಿಸಿದರು. ಸಕ್ಕರೆ ತಂದ ಕೈಯಲ್ಲಿ ಅದೇ ಬಳೆಗಳಿದ್ದವು.

ಆ ಕೈಗೆ ಈಗ ವಯಸ್ಸಾಗಿದೆ. ಸದರ್ ಸಾಹೇಬರಿಲ್ಲ, ಖಾನಾವಳಿಯ ಅವ್ವ ಇಲ್ಲ, ಅವರೆಲ್ಲ ನನಗೆ ಬಹಳ ನೆನಪಾಗುತ್ತಾರೆ. ನಮ್ಮ ಅಂಗಳದಲ್ಲಿ ಒಂದು ದಾಸವಾಳವಿದೆ. ಮೊನ್ನೆ ಬೀದಿಯ ಹೋತವೊಂದು ನುಗ್ಗಿ ಅದರ ಎಲೆಗೆ ಬಾಯಿ ಹಾಕಿತು. ನಾನು ಕೋಲು ಎತ್ತಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಓಡಿ ಬಂದು ಕೋಲು ಹಿಡಿದಳು.

"ಹೊಡೀಬ್ಯಾಡ್ರಿ. ನಮ್ಮ ಲಗ್ನ ಮಾಡಿಸಿದ ಹಿರಿಯಾರ ವಂಶದ್ದು ಇದ್ದೀತು."