ಯಗಟಿಯಲ್ಲಿ ಸಮುದ್ರದ ಹೂವು

ಮನೆ ಅಳಿಯನಾದವನಿಗೆ ಏನಾದರೊಂದು ಹವ್ಯಾಸ ಇರಲೇಬೇಕು. ಇಲ್ಲದಿದ್ದರೆ ಮನೆಯವರು ಕೆಲಸ ಹುಡುಕಿಕೊಡುತ್ತಾರೆ. ನಾನು ತರೀಕೆರೆಯವನು. ಮಾವನವರು ತೀರಿಕೊಂಡ ಮೇಲೆ ತೆಂಗಿನ ತೋಟ ನೋಡಿಕೊಳ್ಳಲು ಒಂದು ಗಂಡು ದಿಕ್ಕು ಬೇಕೆಂದು ನನ್ನನ್ನು ಯಗಟಿಗೆ ಕರೆಸಿಕೊಂಡು ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷವೂ ನಾನು ತೋಟವನ್ನು ತಪ್ಪದೆ ನೋಡಿದ್ದೇನೆ, ಕಿಟಕಿಯಿಂದ. ತೋಟ ನಡೆಸುವವರು ಅತ್ತೆ. ನಾನು ಬೆಳಗ್ಗೆ ಬಸ್ಸು ಹತ್ತಿ ದೇವನೂರಿನ ಹೈಸ್ಕೂಲಿಗೆ ಹೋಗಿ ವಿಜ್ಞಾನ ಪಾಠ ಹೇಳುತ್ತೇನೆ, ಸಂಜೆ ಬಂದು ಮೀನು ನೋಡುತ್ತಾ ಕೂರುತ್ತೇನೆ.

ಮೀನೆಂದರೆ ಕೆರೆಯ ಮೀನಲ್ಲ, ಸಮುದ್ರದ್ದು. ಕುಡಿಯುವ ನೀರಿನ ಘಟಕದಿಂದ ಕ್ಯಾನುಗಟ್ಟಲೆ ನೀರು ಹೊತ್ತು ತಂದು, ಬೆಂಗಳೂರಿನಿಂದ ತರಿಸಿದ ಸಮುದ್ರದ ಉಪ್ಪನ್ನು ಅದಕ್ಕೆ ಕಲಸಿ, ನಡುಮನೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ತುಂಬಿಸಿದ್ದೇನೆ. ದುಡ್ಡು ಕೊಟ್ಟು ಸಿಹಿನೀರು ಕೊಂಡು ಅದನ್ನು ಕೆಡಿಸುವ ಗಿರಾಕಿಯನ್ನು ಇದೇ ಮೊದಲು ಕಂಡಿದ್ದು ಎಂದು ಘಟಕದ ರಂಗಪ್ಪ ಊರಿಗೆಲ್ಲ ಹೇಳಿಕೊಂಡು ಬಂದ. ಸೋಮವಾರ ಈರುಳ್ಳಿಯನ್ನೂ ಮುಟ್ಟದ ಅತ್ತೆ ಮೀನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆಂಬ ನಂಬಿಕೆ ನನಗಿರಲಿಲ್ಲ. ನನ್ನನ್ನು ಕಾಪಾಡಿದ್ದು ಆ ಕ್ಲೌನ್ ಮೀನುಗಳ ಬಣ್ಣ. ಕಿತ್ತಳೆ ಮೈ ಮೇಲೆ ಮೂರು ಬಿಳಿ ಪಟ್ಟೆ. ವಿಭೂತಿ ಬಳಿದುಕೊಂಡ ಹಾಗೆ ಕಾಣುವ ಎರಡು ಜೀವಗಳನ್ನು ಹೊರಗೆ ಹಾಕಲು ಅತ್ತೆಗೆ ಮನಸ್ಸು ಬರಲಿಲ್ಲ.

ಈ ಮೀನುಗಳಿಗೆ ಒಂದು ಮನೆ ಬೇಕು. ಆ ಮನೆಯೇ ಸಮುದ್ರದ ಹೂವು, ಅನಿಮೋನ್. ನೋಡಲು ಹೂವು, ವಾಸ್ತವದಲ್ಲಿ ಪ್ರಾಣಿ. ಅದರ ಎಸಳು ಮುಟ್ಟಿದವರಿಗೆಲ್ಲ ಚುರುಗುಟ್ಟುತ್ತದೆ. ಕ್ಲೌನ್ ಮೀನು ಮಾತ್ರ ಸ್ವಲ್ಪ ಸ್ವಲ್ಪವೇ ಮೈ ಸೋಕಿಸಿ, ಓಡಿಹೋಗಿ, ಮತ್ತೆ ಬಂದು ಸೋಕಿಸಿ, ಕೊನೆಗೆ ಅದರ ನಡುವೆಯೇ ಸಂಸಾರ ಹೂಡುತ್ತದೆ. ಅಂಥದ್ದೊಂದನ್ನು ಬೆಂಗಳೂರಿನಿಂದ ಕಡೂರಿಗೆ ರೈಲಿನಲ್ಲಿ, ಕಡೂರಿನಿಂದ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದೆ. ತಿಂಗಳಾದರೂ ಮೀನುಗಳು ಹೂವಿನ ಹತ್ತಿರ ಸುಳಿಯಲಿಲ್ಲ. ಫಿಲ್ಟರಿನ ಕೊಳವೆಯ ಹಿಂದೆ, ಬೀಗರ ಮನೆಯ ಜಗುಲಿಯಲ್ಲಿ ಕೂತವರ ಹಾಗೆ, ಮುದುರಿಕೊಂಡಿದ್ದವು.

ಅವುಗಳ ಸಂಕಟ ನನಗೆ ಅರ್ಥವಾಗುತ್ತಿತ್ತು. ನಮ್ಮ ಅತ್ತೆ ಹಳೇ ಕಾಲದ ಮರ್ಯಾದೆಯವರು. ಅಳಿಯನ ಜೊತೆ ನೇರವಾಗಿ ಮಾತಾಡುವವರಲ್ಲ. ಹೇಳುವುದನ್ನೆಲ್ಲ ನನ್ನ ಹೆಂಡತಿ ಶಶಿಗೆ ಹೇಳುತ್ತಾರೆ, ನಾನು ಪಕ್ಕದಲ್ಲೇ ಕೂತಿದ್ದರೂ. ಶಶಿ ಇಲ್ಲದಿದ್ದರೆ ನಡುಮನೆಯ ಕಂಬಕ್ಕೆ ಹೇಳುತ್ತಾರೆ. "ಊಟಕ್ಕೆ ಹೊತ್ತಾಯ್ತಂತೆ" ಎಂದು ಕಂಬಕ್ಕೆ ತಿಳಿಸಿದರೆ ನಾನು ಕೈ ತೊಳೆಯಲು ಏಳುತ್ತೇನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅಳಿಯನ ಕಾಲದ ಬಗ್ಗೆ ಗಾದೆ ಮಾಡಿದವರು ಏನೂ ಹೇಳಿಲ್ಲ.

ಹೀಗಿರುವಾಗ ಹೂವು ಬಾಡತೊಡಗಿತು. ಅಂಗೈಯಗಲ ಇದ್ದದ್ದು ಮುದುರಿ ನಿಂಬೆಹಣ್ಣಿನಷ್ಟಾಯಿತು. ಅದು ಸತ್ತರೆ ಕೊಳೆತು ನೀರೆಲ್ಲ ವಿಷವಾಗಿ, ಒಂದೇ ದಿನದಲ್ಲಿ ಮೀನುಗಳೂ ಹೋಗುತ್ತವೆ. ನನಗೆ ಊಟ ಸೇರಲಿಲ್ಲ. ದೀಪ ಬದಲಾಯಿಸಿದೆ, ಕಲ್ಲು ಬದಲಾಯಿಸಿದೆ. ಹೂವು ಕೊಟ್ಟ ಅಂಗಡಿಯವನಿಗೆ ಫೋನ್ ಮಾಡಿದರೆ ಉಪ್ಪಿನ ಪ್ರಮಾಣ ಅಳೆದಿರಾ ಎಂದು ಕೇಳಿದ. ಅಳೆದೆ, ಸರಿಯಾಗಿದೆ ಎಂದೆ. ಅಳೆಯುವ ಮೀಟರನ್ನು ಮೊದಲ ವಾರವೇ ತೊಳೆಯುವಾಗ ಒಡೆದು ಹಾಕಿದ್ದೆ. ವಿಜ್ಞಾನದ ಮೇಷ್ಟ್ರಿಗೆ ಮೀಟರ್ ಯಾಕೆ ಎಂಬ ಧೈರ್ಯ ಬೇರೆ.

ಆ ವಾರ ಶಶಿ ಚಿಕ್ಕಪ್ಪನ ಮಗಳ ಬಾಣಂತನಕ್ಕೆಂದು ಅಜ್ಜಂಪುರಕ್ಕೆ ಹೋಗಿದ್ದಳು. ಸಂಜೆ ನಾನು ಎಂದಿನಂತೆ ಬಕೆಟ್ಟಿನಲ್ಲಿ ಉಪ್ಪು ಕಲಸುತ್ತಿದ್ದೆ. ಅತ್ತೆ ಬಂದು ನಿಂತು, ದಿನಾ ಸಂಜೆ ಇದೇನು ಶಾಸ್ತ್ರವಂತೆ ಎಂದು ಕಂಬವನ್ನು ಕೇಳಿದರು. ನಾನೂ ಕಂಬಕ್ಕೇ ಉತ್ತರಿಸಿದೆ. ಸೆಖೆಗೆ ತೊಟ್ಟಿಯ ನೀರು ದಿನಕ್ಕೆ ಅರ್ಧ ಬೆರಳು ಆರಿಹೋಗುತ್ತದೆ. ಸಮುದ್ರದ ನೀರಲ್ಲವೇ, ಅದಕ್ಕೇ ಉಪ್ಪುನೀರನ್ನೇ ತುಂಬಿಸುತ್ತಿದ್ದೇನೆ ಎಂದೆ. ಅತ್ತೆ ತೊಟ್ಟಿಯ ಹತ್ತಿರ ಬಂದರು. ಗಾಜಿನ ಅಂಚಿನಲ್ಲಿ ಬೆಳ್ಳಗೆ ಕಟ್ಟಿದ್ದ ಉಪ್ಪನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಕಂಬವನ್ನು ಮರೆತು ನನ್ನ ಮುಖವನ್ನೇ ನೋಡಿದರು.

"ಅಲ್ರೀ, ಸಾರು ಬತ್ತೋದ್ರೆ ನೀರು ಹಾಕ್ತಾರೋ, ಉಪ್ಪು ಹಾಕ್ತಾರೋ?"

ನಾನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಹೇಳಲು ಬಾರದ ಹುಡುಗರನ್ನು ನಿಲ್ಲಿಸುತ್ತೇನೆ. ಆ ಲೆಕ್ಕದಲ್ಲಿ ನಾನು ಒಂದು ತಿಂಗಳು ಬೆಂಚಿನ ಮೇಲೆ ನಿಲ್ಲಬೇಕಿತ್ತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಮೂಕ ಜೀವಕ್ಕೆ ಹಿಂಸೆ ಕೊಟ್ಟೆನಲ್ಲ ಎಂದು ಸಂಕಟವಾಯಿತು.

ಸಿಹಿನೀರನ್ನು ಒಂದೇ ಸಲ ಸುರಿಯುವಂತಿಲ್ಲ, ಹೂವು ತಡೆಯುವುದಿಲ್ಲ. ಬೆಳಗ್ಗೆ ನಾಲ್ಕು ಚೊಂಬು, ಸಂಜೆ ನಾಲ್ಕು ಚೊಂಬು ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕುವುದೆಂದು ಅತ್ತೆಯೇ ಗೊತ್ತುಮಾಡಿದರು. ತೆಗೆದ ನೀರು ಹಿತ್ತಲಿನ ತೆಂಗಿನ ಮರಕ್ಕೆ. ತೆಂಗಿಗೆ ಉಪ್ಪು ಒಳ್ಳೆಯದಂತೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಉಪ್ಪು ಹಾಕಿದವನು ನೀರು ಹೊರಲೇಬೇಕು ಎಂಬುದನ್ನು ನಾನು ಆ ವಾರ ಕಲಿತೆ.

ಎಂಟನೇ ದಿನ ಸ್ಕೂಲಿನಿಂದ ಬಂದಾಗ ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಹೂವು ಅಂಗೈಯಗಲ ಅರಳಿತ್ತು. ದೊಡ್ಡ ಮೀನು ಕೊಳವೆಯ ಮರೆಯಿಂದ ಹೊರಬಂದು ಎಸಳಿಗೆ ಬಾಲ ತಾಗಿಸಿ ಓಡಿತು. ಮತ್ತೆ ಬಂತು, ಹೊಟ್ಟೆ ತಾಗಿಸಿತು. ಕತ್ತಲಾಗುವ ಹೊತ್ತಿಗೆ ಎರಡೂ ಹೂವಿನೊಳಗೆ ಸೇರಿಕೊಂಡವು. ನನ್ನ ಕಣ್ಣು ತುಂಬಿತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಒಳಕ್ ಬಂದ್ವಲ್ಲ, ಬಿಡಿ" ಎಂದರು, ನನಗೇ.

ಅಂದಿನಿಂದ ಅತ್ತೆಗೆ ಕಂಬದ ಹಂಗಿಲ್ಲ. ಒಂಬತ್ತು ವರ್ಷ ಮರ್ಯಾದೆಗಾಗಿ ನುಂಗಿಕೊಂಡಿದ್ದನ್ನೆಲ್ಲ ನೇರವಾಗಿಯೇ ಹೇಳುತ್ತಾರೆ. ಒದ್ದೆ ಟವೆಲ್ಲು ಮಂಚದ ಮೇಲೆ ಹಾಕುವುದು, ತೋಟದ ಕಡೆ ತಲೆ ಹಾಕದಿರುವುದು, ಯಾವುದನ್ನೂ ಮರೆತಿಲ್ಲ. ಅಜ್ಜಂಪುರದಿಂದ ಬಂದ ಶಶಿ, ನೀವಿಬ್ಬರೂ ಮಾತಾಡುವಂತಾಯಿತಲ್ಲ ಎಂದು ಹಿಗ್ಗುತ್ತಾಳೆ. ಮೀನಿಗೆ ಚುರುಗುಟ್ಟುವುದು ಅಭ್ಯಾಸವಾಗಿಹೋಗಿದೆ. ನನಗೆ ಇನ್ನೂ ಸ್ವಲ್ಪ ದಿನ ಬೇಕು. ಮೊನ್ನೆ ಸಂಜೆ, ಮೀನು ನೋಡುತ್ತಾ ಕೂತರೆ ಕಾಯಿ ಸುಲಿಯುವವರು ಯಾರು ಎಂದು ಅತ್ತೆ ಒಳಗಿನಿಂದ ಕೇಳಿದಾಗ, ಒಂದು ದಿನವಾದರೂ ಸುಮ್ಮನೆ ಕೂರಲು ಬಿಡುವುದಿಲ್ಲವಂತೆ ಎಂದು ಮೆಲ್ಲಗೆ ಗೊಣಗಿ ಎದ್ದೆ. ಈಗ ಕಂಬದ ಜೊತೆ ಮಾತಾಡುವವನು ನಾನು.